ನಾಕು ಸಾಕು

ನವಲಿ ರಸ್ತೆಯಲ್ಲಿ ನನ್ನ ಶೆಡ್ಡಿನ ಮುಂದೆ
ಸತ್ತಿಬಾಬುವಿನ ಬಿಳಿ ಪಿಕಪ್ಪು ಬಂದು ನಿಂತಾಗ
ಪಂಕ್ಚರ್ ಹುಡುಗ ಸೊಲ್ಯೂಷನ್ ಡಬ್ಬಿ ಮುಚ್ಚುವುದನ್ನೇ ಮರೆತ.
ಅದಿರಿನ ಕಾಲದಲ್ಲಿ ಹಡಗು ಹತ್ತಿ ಬಳ್ಳಾರಿಗೆ ಬಂದದ್ದು,
ಈಗ ಮೂರನೇ ಕೈ.
ಸೀಟಿನ ಸಂದಿಯಲ್ಲಿ ಇನ್ನೂ ಸಂಡೂರಿನ ಕೆಂಪು ಧೂಳು.
ಎಂಟು ಸಿಲಿಂಡರು, ಪೆಟ್ರೋಲು.

"ಒಮ್ಮೊಮ್ಮೆ ನಡುಗತೈತಿ ಪೀರಾ ಮೇಸ್ತ್ರಿ,
ಚಳಿ ಹತ್ತಿದ ಎಮ್ಮಿ ಹಂಗ."

ಎಡದಂಡೆ ಕಾಲುವೆಯ ಸಪಾಟು ರಸ್ತೆಗೆ ಒಯ್ದೆ.
ಮೂವತ್ತು ವರ್ಷ ಕಿವಿಯಿಂದಲೇ ಅನ್ನ ತಿಂದವ ನಾನು,
ಟ್ರ್ಯಾಕ್ಟರು ಕೆಮ್ಮಿದರೆ ಯಾರದೆಂದು ಹೇಳಬಲ್ಲೆ.
ಇದು ಅರವತ್ತರ ವೇಗದಲ್ಲಿ ದನಿ ಬದಲಿಸಿತು,
ಎಂಟು ಮಂದಿಯ ಭಜನೆಯಲ್ಲಿ ನಾಕು ಮಂದಿ
ಎಲೆಯಡಿಕೆಗೆ ಎದ್ದು ಹೋದ ಹಾಗೆ.

ತಂಗಿಯ ಮಗಳು ಆಫ್ರೀನ್, ಗಂಗಾವತಿಯ ಐಟಿಐ,
ಸ್ಕ್ಯಾನರ್ ಸಿಕ್ಕಿಸಿ ಪಕ್ಕದಲ್ಲಿ ಕೂತಿದ್ದಳು.
"ಕೆಟ್ಟಿಲ್ಲ ಮಾಮಾ. ಹಗುರ ಹೊರೆ, ಸಮ ರಸ್ತೆ ಇದ್ದಾಗ
ನಾಕನ್ನು ತಾನೇ ಮಲಗಿಸ್ತದ."

ಎಣ್ಣೆಯ ಒತ್ತಡ ಒಂದು ಸಣ್ಣ ಪಿನ್ನನ್ನು ಒಳಗೆ ತಳ್ಳುತ್ತದೆ,
ವಾಲ್ವುಗಳು ಬಾಗಿಲು ಹಾಕಿಕೊಳ್ಳುತ್ತವೆ,
ಪೆಟ್ರೋಲು ಬಂದ್.
ಒಳಗೆ ಸಿಕ್ಕಿಬಿದ್ದ ಬೊಗಸೆ ಗಾಳಿ
ಪಿಸ್ಟನ್ ಏರಿದಾಗ ಮುದುಡಿ, ಇಳಿದಾಗ ಚಿಮ್ಮಿ,
ಇಸಕೊಂಡದ್ದನ್ನು ಹೆಚ್ಚುಕಡಿಮೆ ಹಾಗೇ ತಿರುಗಿಸುತ್ತದೆ.
ಮಲಗುತ್ತವೆ ಅನ್ನುವುದೂ ತಪ್ಪು ಮಾತು.
ಉರಿಯುವ ನಾಕರ ಜೊತೆ
ಒಂದೇ ಶಾಫ್ಟಿಗೆ ಕಟ್ಟಿಸಿಕೊಂಡು
ಅವೂ ಏರಿ ಇಳಿಯುತ್ತಲೇ ಇರುತ್ತವೆ.
ಹೊಟ್ಟೆಯಲ್ಲಿ ಬೆಂಕಿ ಮಾತ್ರ ಇರುವುದಿಲ್ಲ.

ಒಂದು ಪಿನ್ನು ಕರಿ ಜಿಡ್ಡಿನಲ್ಲಿ ಹೂತಿತ್ತು.
ಏರು ಬಂದಾಗ ಏಳು ಏಳುತ್ತಿದ್ದವು, ಎಂಟನೆಯದಕ್ಕೆ ಕರೆ ಕೇಳುತ್ತಿರಲಿಲ್ಲ.
ಅದೇ ನಡುಕ.
ಮೂರು ದಿನ ಬಿಚ್ಚಿ, ತೊಳೆದು, ಎಣ್ಣೆ ಬದಲಿಸಿ ಕೊಟ್ಟೆ.
ಲೀಟರಿಗೆ ಆರು ಕೊಡುತ್ತಿದ್ದದ್ದು ಏಳು ಕೊಟ್ಟಿತು.

"ಅದೆಂಗ?" ಅಂತ ಸತ್ತಿಬಾಬು ಕೇಳಿದ.
ಆಗ ಬಾಯಿ ತಪ್ಪಿ ಅಂದುಬಿಟ್ಟೆ,
"ನಿಮ್ಮ ಮಿಲ್ಲಿನ ಹಮಾಲರಿದ್ದಂಗ ಸಾಹುಕಾರ್ರ,
ತೌಡಿನ ಚೀಲಕ್ಕ ಎಂಟು ಮಂದಿ ಯಾಕ?"

ಸೋಮವಾರ ಮಿಲ್ಲಿನಲ್ಲಿ ನಾಕೇ ಮಂದಿ.
ಸಂಜೆ ಅಯ್ಯಾಳಪ್ಪ ಶೆಡ್ಡಿಗೆ ಬಂದ,
ಹೆಗಲ ಮೇಲೆ ಖಾಲಿ ಗೋಣಿತಟ್ಟು, ಜಗಳದ ಮುಖವಲ್ಲ.
ಬಾನೆಟ್ಟಿನೊಳಗೆ ಬಗ್ಗಿ ನೋಡಿ ಕೇಳಿದ:
"ಮೇಸ್ತ್ರಿ, ಇದರಾಗ ಮಲಗಿದ ನಾಕನ್ನ
ಬಿಚ್ಚಿ ಹೊರಗ ಒಗಿತಾರೇನು?"

"ಇಲ್ಲ."

"ಎಣ್ಣಿ ಹೋಗತೈತಿ ಅವಕ್ಕ?"

"ಹೋಗತೈತಿ."

"ಹಂಗಂದ್ರ ನಮ್ಮ ಹಂಗ ಅಲ್ಲ ಬಿಡು,"
ಅಂದು ನನ್ನ ಬೀಡಿಗೆ ತಾನೇ ಕಡ್ಡಿ ಗೀರಿ ಕೊಟ್ಟು ಹೋದ.

ಬೇಸಗೆ ಭತ್ತ ಬಂತು. ಒಂದೇ ರಾತ್ರಿ ಹನ್ನೊಂದು ಲಾರಿ,
ಪಶ್ಚಿಮಕ್ಕೆ ಮೋಡ.
ಸತ್ತಿಬಾಬು ಎಂಟೂ ಮಂದಿಗೆ ಫೋನು ಹಚ್ಚಿದ.
ಇಬ್ಬರು ತೋರಣಗಲ್ಲಿಗೆ ಹೋಗಿದ್ದರು,
ಒಬ್ಬ ಬಳ್ಳಾರಿಯಲ್ಲಿ ಜೀನ್ಸ್ ತೊಳೆಯುತ್ತಿದ್ದ,
ಅಯ್ಯಾಳಪ್ಪನ ಫೋನು ಬಡಿದುಕೊಂಡು ಸುಮ್ಮನಾಯಿತು.

ಶೆಡ್ಡಿನಲ್ಲೇ ಮಲಗಿದ್ದೆ ನಾನು.
ಮಿಲ್ಲಿನ ಕಡೆಯಿಂದ ನಾಕು ಜನರ ಏದುಸಿರು,
ಹಲಗೆ ನಡುಗುವ ಸದ್ದು.
ಕಿವಿಗೆ ಗೊತ್ತಾಯಿತು. ಎದ್ದು ಕೂತೆ.
ಇಂಥದಕ್ಕೆ ಯಾವ ಸ್ಪ್ಯಾನರು, ಎಷ್ಟನೇ ನಂಬರು?
ಕತ್ತಲಲ್ಲೇ ಚಪ್ಪಲಿ ಹುಡುಕಿದೆ.
ಚೀಲ ಹೊತ್ತು ಅಭ್ಯಾಸವಿಲ್ಲದ ಬೆನ್ನು ನನ್ನದು.
ಮೊದಲ ಹನಿ ತಗಡಿನ ಮೇಲೆ ಟಪ್ಪೆಂದಿತು.