ನೆತ್ತಿ ಕಾಣುವ ಊರು

ವಾಲ್ಪರೈಸೊದಲ್ಲಿ ನಾವೆಲ್ಲ ಒಬ್ಬರ ಮೇಲೊಬ್ಬರು ಇರುತ್ತೇವೆ.
ನಮ್ಮ ಅಂಗಳ ಇನ್ನೊಬ್ಬರ ಸೂರು,
ನಮ್ಮ ಸೂರಿನ ಸಮಕ್ಕೆ ಮತ್ತೊಬ್ಬರ ಹೊಸ್ತಿಲು.
ಹಾಗಾಗಿ ಇಲ್ಲಿ ಮುಖಕ್ಕಿಂತ ಮೊದಲು
ನೆತ್ತಿಯ ಪರಿಚಯ.
ಅಂಚೆಚೀಲ ಹೊತ್ತು ಪೊಲಾಂಕೊ ಗುಡ್ಡ ಹತ್ತುವ ನನ್ನ ತಮ್ಮನನ್ನು
ದೋನ್ಯಾ ಎರ್ಮಿನಿಯಾ ಅರವತ್ತು ಮೆಟ್ಟಿಲು ಮೇಲಿಂದಲೇ ಹಿಡಿಯುತ್ತಾಳೆ:
"ನಿನ್ನ ತಲೆ ಬೆಳಗಿತು ಎಲಿಸಿಯೊ,
ಪಿಂಚಣಿ ಬಂತಾ?"

ಅದಕ್ಕೇ ಇರಬೇಕು, ನಲವತ್ತಾರರ ಗಂಡಸು
ಮುಳ್ಳಿನ ಉರುಳೆಯೊಂದನ್ನು ಅಂಚೆಯಲ್ಲಿ ತರಿಸಿ,
ತನಗೆ ತಾನೇ ಬಟವಾಡೆ ಮಾಡಿ, ಸಹಿಯನ್ನೂ ಹಾಕಿ
ನನ್ನ ಹೊಲಿಗೆ ಮಶೀನಿನ ಪಕ್ಕ ಇಟ್ಟ.
"ಸೂಜಿಯ ಕಸುಬು ನಿನ್ನದು.
ನನ್ನ ನೆತ್ತಿ ನನಗೆ ಕಾಣುವುದಿಲ್ಲ."

ಹಾಯಿಸಿದೆ. ಅಡ್ಡ, ಉದ್ದ, ಓರೆ.
ದಾರವಿಲ್ಲದ ಹೊಲಿಗೆ.
ಅವನು ಮೇಜಿನ ಅಂಚು ಹಿಡಿದು
ಬಂದರಿನ ಹಡಗು ಎಣಿಸುತ್ತ ಏಳಕ್ಕೆ ನಿಂತ.
ಇದ್ದದ್ದೇ ಏಳೋ, ನೋವಾಯಿತೋ.

ಕಷ್ಟವೆಲ್ಲ ಆಮೇಲಿನದು.
ಚುಚ್ಚುವುದು ಹತ್ತು ನಿಮಿಷ,
ಮುಟ್ಟದೆ ಇರುವುದು ಇಡೀ ರಾತ್ರಿ.

ಗಾಯಕ್ಕೆ ಉಪ್ಪು ಸವರಬಾರದು ಅನ್ನುತ್ತಾರೆ;
ಔಷಧದಂಗಡಿಯ ಹುಡುಗಿ ಉಪ್ಪುನೀರಿನ ಬಾಟಲಿಯನ್ನೇ ಕೊಟ್ಟಿದ್ದಳು,
ಒತ್ತು, ಒರೆಸಬೇಡ ಎಂದು ಎರಡು ಸಲ ಹೇಳಿ.
ಬಟ್ಟೆ ಅದ್ದಿ ಒತ್ತಿದೆ.
ಕೆಂಪಗೆ, ಬಿಸಿಯಾಗಿ
ಹಸುಗೂಸಿನ ನೆತ್ತಿಯ ಹಾಗೆ ಮಿಡಿಯುತ್ತಿತ್ತು
ಮೂವತ್ತು ಕಿಲೋ ಕಾಗದ ಹೊರುವವನ ತಲೆ.

ಕೂದಲಿನ ಮದ್ದು ನಾಳೆಗೆ, ಇವತ್ತು ಹಚ್ಚಿದರೆ ಉರಿ.
ಉರುಳೆಗೆ ಸ್ಪಿರಿಟ್ಟಿನ ಸ್ನಾನ, ನಿನಗಿಲ್ಲ.
ಕೆರೆಯಬೇಡ.
ತುರಿಕೆ ಬಂದರೆ ನನ್ನನ್ನು ಬೈ, ಕೈ ಮಾತ್ರ ಕೆಳಗಿರಲಿ.
ಮನೆಯ ದಿಂಬುಗಳೆಲ್ಲ ಹಳೆಯವು;
ಯಾರದೋ ಮದುವೆ ಗೌನಿನ ಒಳಪದರಕ್ಕೆ ತಂದ ಸ್ಯಾಟಿನ್
ಎರಡು ಗೇಣು ಉಳಿದಿತ್ತು,
ಒಗೆದು, ಇಸ್ತ್ರಿಯಲ್ಲೇ ಒಣಗಿಸಿ, ಕವರು ಹೊಲಿದೆ.
ಮದುಮಗಳ ಬಿಳುಪಿನ ಮೇಲೆ
ಬೋರಲು ಬಿದ್ದು ಗೊರಕೆ ಹೊಡೆದ.

ಕೀವು ಗೀವು ಆದೀತೆಂದು ದೀಪ ಹತ್ತಿರ ತಂದೆ.
ಸುಳಿಯ ಎಡಕ್ಕೆ, ಅಕ್ಕಿಕಾಳಿನಷ್ಟು, ಒಂದು ಬಿಳಿ ಗೆರೆ.
ಸುತ್ತ ಎಲ್ಲ ಕೆಂಪು, ಅದೊಂದು ತಣ್ಣಗೆ.
ಉರುಳೆ ಅದನ್ನು ಬಳಸಿ ಹೋಗಿತ್ತು;
ನನಗಿಂತ ಮೊದಲು ನನ್ನ ಕೈಗೆ ಗೊತ್ತಿತ್ತು.

ಸೆಪ್ಟೆಂಬರಿನ ಗಾಳಿ. ಅವನ ಪಟ ನನ್ನ ಪಟದ ದಾರ ಕೊಯ್ದಿತ್ತು.
ನಾನು ಮೇಲಿನ ಮೆಟ್ಟಿಲಲ್ಲಿ,
ಕೈಯಲ್ಲಿ ಹೆಂಚಿನ ಚೂರು,
ಕೆಳಗೆ ಕುಣಿಯುವ ಕರೀ ಕೂದಲು.
ಅಮ್ಮನಿಗೆ ನಾನು ಹೇಳಿದ್ದು: ಜಾರಿ ಬಿದ್ದ.
ಅವನೂ ಹೌದು, ಬಿದ್ದೆ ಅಂದ.

ಬೆಳಿಗ್ಗೆ ಕೆಲಸಕ್ಕೆ ಹೊರಟ.
ಟೋಪಿ ತಿಕ್ಕುತ್ತದೆ, ಬಿಸಿಲು ತಾಗಬಾರದು,
ಬೆವರಬಾರದು ಅಂದರೆ ಗುಡ್ಡ ಕೇಳುತ್ತದೆಯೆ?
ನನ್ನ ಹೂವಿನ ಕೊಡೆ ಕೊಟ್ಟೆ.
ಜನವರಿಯ ಬಿರುಬಿಸಿಲಲ್ಲಿ, ತುಂಡು ಮೋಡವೂ ಇಲ್ಲದ ದಿನ,
ಕೊಡೆ ಬಿಚ್ಚಿಕೊಂಡು ಕಾಗದ ಹಂಚಿದ.
ನಾಯಿಗಳು ಬೆನ್ನು ಹತ್ತಿದವು.
ಎರ್ಮಿನಿಯಾ ಮೇಲಿಂದ ಬಗ್ಗಿ ಕೂಗಿದಳಂತೆ:
"ಯಾರವ್ವ ನೀನು?"

ಮೂರನೆಯ ರಾತ್ರಿ ಹೊಟ್ಟಿನಂಥ ಸಿಪ್ಪೆ ಎದ್ದಿತು.
ಒದ್ದೆ ಬಟ್ಟೆ ಒತ್ತುತ್ತಿದ್ದೆ.
"ಕೂದಲು ಬಂದರೆ ಅದು ಮುಚ್ಚಿಹೋಗುತ್ತೆ"
ಅಂದ, ತಿರುಗದೆ.

ಯಾವುದು ಎಂದು ಕೇಳಲಿಲ್ಲ.
ಅಲ್ಲಾಡಬೇಡ ಅಂದೆ.
ಉಪ್ಪುನೀರಿನ ಒಂದು ಹನಿ ಅವನ ಕಿವಿಯ ಹಿಂದಕ್ಕೆ ಇಳಿಯಿತು,
ಬಾಟಲಿಯದೋ ಏನೋ.
ಒರೆಸಿಬಿಟ್ಟೆ.
ಒರೆಸಬಾರದಿತ್ತು, ಒತ್ತಬೇಕಿತ್ತು.