ಮರವಾಗಿ ನಿಲ್ಲಿ

ಮೊದಲ ವಾರ ಮನೆಯಲ್ಲಿ ನೆಟ್ಟಗಿನ ಕಾಲುಚೀಲ
ಒಂದೂ ಉಳಿಯಲಿಲ್ಲ. ಅಜ್ಜಿ ಹೆಣೆದ ಉಣ್ಣೆಯ ಜೋಡಿಯಲ್ಲೂ
ಹೆಬ್ಬೆರಳು ಇಣುಕಿತು.
ಲೇಲೊ ಮೇಜು ಹತ್ತಿ ಕೂತಳು,
ಊಟವೂ ಅಲ್ಲೇ, ಮುನಿಸೂ ಅಲ್ಲೇ.
ಉಕುವಿನ ಮೊಣಕೈ ಮೇಲೆ
ನುಚ್ಚಕ್ಕಿಯಷ್ಟು ಹಲ್ಲುಗಳ ಸಾಲು.

ಟಾರ್ಟುವಿನ ಪಶುವೈದ್ಯೆ ಅಂದಳು:
ಓಡಿದರೆ ಬೇಟೆ, ಕಿರುಚಿದರೆ ಆಟ.
ಹಾಲುಹಲ್ಲು ಬೀಳುವ ತನಕ ತಾಳಿ.
ಕೈ ಕಟ್ಟಿ, ಕಣ್ಣು ನೆಲಕ್ಕೆ ನೆಟ್ಟು
ಮರವಾಗಿ ನಿಲ್ಲಿ.
ಮರವನ್ನು ಎಷ್ಟು ಹೊತ್ತು ಕಚ್ಚೀತು?

ಅಂತೂ ಅಡುಗೆಮನೆಯಲ್ಲೊಂದು ತೋಪು ಎದ್ದಿತು.
"ನಾನು ಬರ್ಚ್ ಮರ," ಎಂದ ಉಕು,
"ಅವಳು ಬರೀ ಪೊದೆ."
ಪೊದೆ ಕಿಸಕ್ಕನೆ ನಕ್ಕು ಮತ್ತೆ ಕಚ್ಚಿಸಿಕೊಂಡಿತು.
ಮರವನ್ನು ಮಾತ್ರ
ಪೊಂತು ಒಂದು ಸುತ್ತು ಮೂಸಿ, ಬೇಸರಪಟ್ಟು
ಹಿಮಗಟ್ಟಿದ ಕ್ಯಾರೆಟ್ಟಿನ ಕಡೆ ನಡೆಯಿತು.

ನಿನ್ನೆ ರಾತ್ರಿ ಹೀಟರಿನ ಬಿಲ್ಲಿಗೆ ಶುರುವಾಗಿ
ತಾರ್ವೊ ಒಂದು ಅಂದ, ನಾನು ಎರಡು ಅಂದೆ,
ಮಾತಿಗೆ ಹಲ್ಲು ಮೂಡಿತು.
ತಟ್ಟೆ ಎತ್ತಿ ತಿರುಗಿದರೆ
ಬಾಗಿಲಲ್ಲಿ ಉಕು,
ಚಡ್ಡಿಯಲ್ಲೇ, ಬರಿಗಾಲಲ್ಲಿ,
ಕೈ ಕಟ್ಟಿ,
ಕಣ್ಣು ನೆಲಕ್ಕೆ ನೆಟ್ಟು.

ಒಲೆಯ ಪಕ್ಕ ನಾಯಿಮರಿಗೆ
ಆಗಲೇ ನಿದ್ದೆ ಹತ್ತಿತ್ತು.