ರಜಾ ಅರ್ಜಿ

ಏಳನೇ ತರಗತಿ, ಬಿ ವಿಭಾಗ, ನಲವತ್ತೊಂದು ನೋಟ್‌ಬುಕ್ಕು.
ನಲವತ್ತು ಮಕ್ಕಳಿಗೆ ಒಂದೇ ದಿನ ಜ್ವರ,
ಒಂದೇ ವಾಕ್ಯದಲ್ಲಿ ಜ್ವರ,
ಸೋಮವಾರ ನಾನೇ ಬೋರ್ಡಿನ ಮೇಲೆ ಬರೆದ ಜ್ವರ.

ಇಂದ, ಗೆ, ಮಾನ್ಯರೇ, ವಿಷಯ,
ಎರಡು ಬೆರಳು ಜಾಗ ಬಿಟ್ಟು ಒಕ್ಕಣೆ,
ಕೊನೆಗೆ ಬಲಗಡೆ, ತಮ್ಮ ವಿಧೇಯ.
ಧದ ಹೊಟ್ಟೆ ಸೀಳುವುದನ್ನು ಮಾತ್ರ ಅರ್ಧ ಕ್ಲಾಸು ಮರೆತಿದೆ.

ಹೋದ ವಾರ ಮೇಲಿನವರು ಬಂದಿದ್ದರು.
ಹತ್ತು ಪುಸ್ತಕ ತಿರುವಿ, ಚಹಾ ಕುಡಿದು,
'ಬರವಣಿಗೆ: ಸಾಧಿಸಲಾಗಿದೆ' ಎಂಬ ಮನೆಯಲ್ಲಿ
ಟಿಕ್ ಹಾಕಿದರು.
ಅಕ್ಷರ ದುಂಡಗಿವೆ ಮೇಡಂ, ಅಂದರು.
ನಿಜ. ದುಂಡಗಿವೆ.

ನಲವತ್ತೊಂದನೆಯದು ಜಬೀನಾಳದು,
ಮಂಡಕ್ಕಿ ಭಟ್ಟಿಗಳ ಸಾಲಿನ ಹುಡುಗಿ.
ತೆರೆದರೆ ಪುಟದ ಮಡಿಕೆಯಲ್ಲಿ ಮರಳು;
ಕೆಂಪು ಪೆನ್ನು ಕರಕರ ಅಂದಿತು.

ವಿಷಯ: ಜ್ವರ ಇಲ್ಲ.
ಮಾನ್ಯರೇ,
ನನಗೆ ಜ್ವರ ಬಂದಿಲ್ಲ. ಅಮ್ಮಿ ಕೈ ಮೇಲೆ ಕಾದ ಮರಳು ಬಿತ್ತು.
ಬಟ್ಟಿ ಆರಿಸಂಗಿಲ್ಲ, ಸೇಟು ಬೈತಾರೆ.
ಜರಡಿ ಹಿಡಿಯಾಕೆ ನಾನು ಹೋಗ್ತೀನಿ.
ಮಂಡಕ್ಕಿ ಅರಳುವಾಗ ತಗಡಿನ ಮೇಲೆ ಮಳೆ ಬಂದಂಗೆ ಸದ್ದು.
ಆಗ ಯಾರು ಕರೆದರೂ ಕೇಳಲ್ಲ.
ಅಮ್ಮಿ ಅತ್ತಿದ್ದು ನನಗೆ ಕೇಳಲಿಲ್ಲ. ನೋಡಿದೆ.
ಎಷ್ಟು ದಿನ ಅಂತ ಗೊತ್ತಿಲ್ಲ.

ನಾನು ಮೊದಲು ಮಾಡಿದ್ದನ್ನು ಹೇಳಿಬಿಡುತ್ತೇನೆ:
ಬಟ್ಟಿಯ ಬ ಹಿಡಿದು ಹೊಟ್ಟೆ ಸೀಳಿದೆ.
ಬೈತಾರೆ ಕೆಳಗೆ ಗೆರೆ, ಪಕ್ಕದಲ್ಲಿ 'ಗ್ರಾಂಥಿಕ ಬಳಸು'.
ದಿನಾಂಕ ಇಲ್ಲ, ಒಂದು ಅಂಕ.
ಎಷ್ಟು ದಿನವೆಂದಿಲ್ಲ, ಇನ್ನೊಂದು.
ಹತ್ತಕ್ಕೆ ನಾಲ್ಕೂವರೆ.

ಹತ್ತೊಂಬತ್ತು ವರ್ಷ ಈ ದಾವಣಗೆರೆಯಲ್ಲಿ
ನಾನು ಬರೆದದ್ದೆಲ್ಲ
ಬಿಸಿಯೂಟದ ಲೆಕ್ಕ, ಶೂ ಅಳತೆಯ ಪಟ್ಟಿ,
ಕ್ರಮ ಕೈಗೊಳ್ಳಲಾಗಿದೆ, ಕ್ರಮ ಕೈಗೊಳ್ಳಲಾಗಿದೆ,
ಆಗೊಮ್ಮೆ ಈಗೊಮ್ಮೆ ಒಂದು ಸಿ.ಎಲ್. ಅರ್ಜಿ.
ಜೂನ್‌ನಲ್ಲಿ ಒಂದು ದಿನ, ಯಾಕೆಂದು ಈಗಲೂ ತಿಳಿಯದು,
ಬಾತಿ ಕೆರೆ ಏರಿ ಮೇಲೆ
ಬ್ಯಾಗು ತೊಡೆ ಮೇಲಿಟ್ಟುಕೊಂಡು ಸಂಜೆವರೆಗೂ ಕೂತಿದ್ದೆ.
ಅರ್ಜಿಯಲ್ಲಿ ಜ್ವರ.

ನಾಲ್ಕೂವರೆಯನ್ನು ಹೊಡೆದುಹಾಕಿದೆ.
ಬೇರೆ ಎಷ್ಟೆಂದು ತೋಚದೆ ಹಾಗೇ ಬಿಟ್ಟೆ.
ಸೀಳಿದ ಬ ಮಾತ್ರ ಮತ್ತೆ ಕೂಡಲಿಲ್ಲ.

ನಾಳೆ ಮುಂದಿನ ಪತ್ರ:
ಪ್ರವಾಸಕ್ಕೆ ಹಣ ಕೇಳಿ ತಂದೆಗೆ.
ಇಂದ, ಗೆ, ಇಷ್ಟೇ ಬರೆದು
ಸೀಮೆಸುಣ್ಣ ಕೆಳಗಿಟ್ಟರೆ?
ಜಬೀನಾಳ ಜಾಗ ಖಾಲಿ ಇರುತ್ತದೆ.
ಉಳಿದ ನಲವತ್ತು ಮಂದಿ ಪೆನ್ನು ಎತ್ತಿ ಹಿಡಿದು,
ಬೋರ್ಡು ನೋಡುತ್ತ,
ನನ್ನ ಮುಂದಿನ ಸಾಲಿಗೆ ಕಾಯುತ್ತಾರೆ.